ಕೊಲ್ಲಲಿಲ್ಲ, ಕ್ಷಮಿಸಲೂ ಇಲ್ಲ



ಮಕ್ಕಳು ಕಾರ್ಟೂನ್ ನೋಡುವ ಹೊತ್ತು ನಮ್ಮಂಥ ಹಿರಿಯರಿಗೆ ಬಿಡುವಿನ ಹೊತ್ತು. ಗದ್ದಲವಿಲ್ಲದೆ ಒಂದೆಡೆ ಕುಳಿತಿದ್ದಾರಲ್ಲ ಎಂಬ ಸಮಾಧಾನದಲ್ಲಿ ನಾವು ಪತ್ರಿಕೆ ಬಿಡಿಸುತ್ತೇವೆ, ಇಲ್ಲವೇ ಒಲೆಯ ಕಡೆ ಹೋಗುತ್ತೇವೆ. ತೆರೆಯ ಮೇಲೆ ಏನು ನಡೆಯುತ್ತಿದೆ ಎಂದು ಕೇಳುವ ಗೋಜಿಗೆ ಹೋಗುವುದಿಲ್ಲ. ನಾನೂ ಹೀಗೆಯೇ ಇದ್ದವನು. ಕಳೆದ ಬೇಸಿಗೆ ರಜೆಯಲ್ಲಿ ಮೊಮ್ಮಗಳ ಪಕ್ಕದಲ್ಲಿ ಅರೆಮನಸ್ಸಿನಿಂದ ಕುಳಿತು ಒಂದು ಕಂತನ್ನು ನೋಡಿದೆ. ಅದು ಮುಗಿದಾಗ ಅವಳು ನನ್ನ ಕಡೆ ತಿರುಗಿ, “ತಾತ, ಕಟಾರಾ ಅವನನ್ನು ಕ್ಷಮಿಸಿದಳೋ, ಇಲ್ಲವೋ?” ಎಂದು ಕೇಳಿದಳು. ಹಲವು ವರ್ಷ ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಕ್ಷಮೆಯ ಪಾಠ ಹೇಳಿದ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆ ಬಳಿಕ ಅದೇ ಕಂತನ್ನು ಮತ್ತೆರಡು ಬಾರಿ ನೋಡಿದೆ. ಈ ಬರಹ ಆ ನೋಟದ ಫಲ.

ಧಾರಾವಾಹಿಯ ಹೆಸರು ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’. ಮೈಕೆಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಸ್ಕೊ ಎಂಬ ಇಬ್ಬರು ಇದರ ಸೃಷ್ಟಿಕರ್ತರು. 2005ರ ಫೆಬ್ರವರಿಯಿಂದ 2008ರ ಜುಲೈವರೆಗೆ ಅಮೆರಿಕದ ನಿಕೆಲೋಡಿಯನ್ ವಾಹಿನಿಯಲ್ಲಿ ಒಟ್ಟು 61 ಕಂತುಗಳಾಗಿ ಪ್ರಸಾರವಾಯಿತು. ಕಥೆ ನಡೆಯುವುದು ಒಂದು ಕಲ್ಪಿತ ಲೋಕದಲ್ಲಿ. ಅಲ್ಲಿ ನೀರು, ನೆಲ, ಬೆಂಕಿ, ಗಾಳಿ ಎಂಬ ನಾಲ್ಕು ಭೂತಗಳಿಗೆ ನಾಲ್ಕು ಜನಾಂಗಗಳು. ಒಂದೊಂದು ಜನಾಂಗದಲ್ಲೂ ಕೆಲವರಿಗೆ ತಮ್ಮ ಭೂತವನ್ನು ಬೇಕಾದಂತೆ ಆಡಿಸುವ ವಿದ್ಯೆ ಹುಟ್ಟಿನಿಂದಲೇ ಬಂದಿರುತ್ತದೆ. ಅಗ್ನಿರಾಷ್ಟ್ರವು ಉಳಿದವರ ಮೇಲೆ ದಂಡೆತ್ತಿ ಹೋಗಿ ನೂರು ವರ್ಷಗಳಾಗಿವೆ. ಗಾಳಿಯ ಜನರನ್ನು ಅದು ನಿರ್ನಾಮ ಮಾಡಿದೆ. ಮಂಜುಗಡ್ಡೆಯೊಳಗೆ ನೂರು ವರ್ಷ ನಿದ್ರಿಸಿ ಎದ್ದ ಆಂಗ್ ಎಂಬ 12 ವರ್ಷದ ಬಾಲಕನೊಬ್ಬನೇ ಉಳಿದಿದ್ದಾನೆ. ಆ ಆರು ಕಾಲಿನ, ಆಕಾಶದಲ್ಲಿ ಹಾರುವ ಅವನ ಕಾಡೆಮ್ಮೆಯಂಥ ವಾಹನಕ್ಕೆ ‘ಅಪ್ಪ’ ಎಂದು ಹೆಸರು. ಪಾತ್ರಗಳೆಲ್ಲ “ಅಪ್ಪ, ಅಪ್ಪ” ಎಂದು ಅದನ್ನು ಕೂಗುವಾಗ ನಮ್ಮ ಮನೆಯಲ್ಲಿ ನಗು ತಡೆಯುವವರಿಲ್ಲ.

ನಾನು ಹೇಳಹೊರಟಿರುವುದು ಮೂರನೆಯ ಭಾಗದ ಹದಿನಾರನೆಯ ಕಂತು. ‘ದಿ ಸದರ್ನ್ ರೈಡರ್ಸ್’ ಎಂದು ಅದರ ಹೆಸರು. ದಕ್ಷಿಣದ ದಾಳಿಕಾರರು ಎನ್ನಬಹುದು. ಎಲಿಜಬೆತ್ ವೆಲ್ಚ್ ಇಹಾಸ್ ಬರೆದು, ಜೋಕಿಮ್ ಡಾಸ್ ಸಾಂಟೋಸ್ ನಿರ್ದೇಶಿಸಿದ ಈ ಕಂತು 2008ರ ಜುಲೈ 17ರಂದು ಪ್ರಸಾರವಾಯಿತು. ಇಡೀ ಧಾರಾವಾಹಿ ಮುಗಿಯಲು ಆಗ ಎರಡೇ ದಿನ ಬಾಕಿ.

ಕಟಾರಾ ದಕ್ಷಿಣ ಧ್ರುವದ ಜಲಪಂಗಡದ ಹುಡುಗಿ, ವಯಸ್ಸು 14. ಅವಳು ಪುಟ್ಟವಳಾಗಿದ್ದಾಗ ಅಗ್ನಿರಾಷ್ಟ್ರದ ದಾಳಿಯಲ್ಲಿ ಅವಳ ತಾಯಿ ಕಾಯಾ ಕೊಲ್ಲಲ್ಪಟ್ಟಳು. ಜುಕೊ ಅದೇ ಅಗ್ನಿರಾಷ್ಟ್ರದ ರಾಜಕುಮಾರ; ಮೊದಲೆರಡು ಭಾಗಗಳಲ್ಲಿ ಆಂಗ್‌ನನ್ನು ಬೇಟೆಯಾಡಿದವನು, ಮೂರನೆಯ ಭಾಗದಲ್ಲಿ ತಂದೆಯನ್ನು ತೊರೆದು ಈ ಮಕ್ಕಳ ಗುಂಪನ್ನು ಸೇರಿದವನು. ಎಲ್ಲರೂ ಅವನನ್ನು ಒಪ್ಪಿಕೊಂಡಿದ್ದಾರೆ, ಕಟಾರಾ ಒಬ್ಬಳನ್ನು ಬಿಟ್ಟು. ಅವಳ ತಂದೆಯನ್ನು ಶತ್ರುವಿನ ಸೆರೆಮನೆಯಿಂದ ಬಿಡಿಸಿ ತರಲು ನೆರವಾದವನು ಇದೇ ಜುಕೊ. ಈ ಕಂತಿನ ಆರಂಭದಲ್ಲಿ ಉರುಳುವ ಬಂಡೆಗಳಿಂದ ಅವಳ ಜೀವ ಉಳಿಸುವವನೂ ಅವನೇ. ಆದರೂ ಅವಳ ಮುಖ ಬಿಗಿದೇ ಇರುತ್ತದೆ.

ಏಕೆ ಎಂಬುದಕ್ಕೆ ಎರಡನೆಯ ಭಾಗದ ಕೊನೆಗೆ ಹೋಗಬೇಕು. ಬಾ ಸಿಂಗ್ ಸೇ ಎಂಬ ನಗರದಡಿಯ ಗುಹೆಯಲ್ಲಿ ಇಬ್ಬರೂ ಸೆರೆಯಾಗಿದ್ದರು. ತಾಯಿಯನ್ನು ಕಳೆದುಕೊಂಡವಳು ತಾನೊಬ್ಬಳೇ ಅಲ್ಲ, ಅವನೂ ಹೌದು ಎಂದು ಅವಳಿಗೆ ಅಲ್ಲಿ ತಿಳಿಯಿತು. ಅವನ ಮುಖದ ಸುಟ್ಟ ಗಾಯವನ್ನು ಗುಣಪಡಿಸಲು, ತನ್ನ ಬಳಿಯಿದ್ದ ಅಪರೂಪದ ಪವಿತ್ರ ಜಲವನ್ನು ಕೊಡಲೂ ಅವಳು ಮುಂದಾದಳು. ಸ್ವಲ್ಪ ಹೊತ್ತಿಗೆ ಅವನು ಶತ್ರುಪಕ್ಷ ಸೇರಿಕೊಂಡ. ಅಂದರೆ ಎಲ್ಲರಿಗಿಂತ ಮೊದಲು ಅವನನ್ನು ನಂಬಿದವಳು ಅವಳು, ಆದ್ದರಿಂದಲೇ ಎಲ್ಲರಿಗಿಂತ ಕೊನೆಗೆ ನಂಬುವವಳೂ ಅವಳೇ. ಕಥೆ ಬರೆದವರು ಮನುಷ್ಯರ ಮನಸ್ಸನ್ನು ಬಲ್ಲವರು.

ನಾನೇನು ಮಾಡಿದರೆ ನಿನ್ನ ಸಿಟ್ಟು ಇಳಿದೀತು ಎಂದು ಜುಕೊ ಕೇಳಿದಾಗ ಅವಳು ಆಗದ ಮಾತುಗಳನ್ನು ಮುಂದಿಡುತ್ತಾಳೆ: ಕಳೆದುಕೊಂಡ ನಗರವನ್ನು ಗೆದ್ದುಕೊಡು, ಇಲ್ಲವೇ ನನ್ನ ತಾಯಿಯನ್ನು ತಂದುಕೊಡು. ಜುಕೊ ಆ ಎರಡನೆಯ ಮಾತನ್ನು ಹಿಡಿದುಕೊಳ್ಳುತ್ತಾನೆ. ತಾಯಿಯನ್ನು ತರಲಾಗದು, ಆದರೆ ಕೊಂದವನನ್ನು ಹುಡುಕಿಕೊಡಬಹುದಲ್ಲ? ಕಟಾರಾಳ ಅಣ್ಣ ಸಾಕಾನಿಂದ ಆ ದಿನದ ವಿವರ ತಿಳಿದುಕೊಳ್ಳುತ್ತಾನೆ. ಹಿಮದೊಡನೆ ಕಪ್ಪು ಮಸಿ ಉದುರಿದ ದಿನ ಅದು. ಹಡಗುಗಳ ಮೇಲಿದ್ದ ಲಾಂಛನದಿಂದ ಯಾವ ಪಡೆ ಎಂದು ಜುಕೊ ಗುರುತಿಸುತ್ತಾನೆ. ಆ ರಾತ್ರಿಯೆಲ್ಲ ಅವಳ ಗುಡಾರದ ಹೊರಗೆ ಕುಳಿತು ಕಾದು, ಬೆಳಗ್ಗೆ ಅವಳು ಹೊರಬಂದಾಗ ವಿಷಯ ಹೇಳುತ್ತಾನೆ.

ಇದು ಪ್ರಾಯಶ್ಚಿತ್ತವೋ, ಲಂಚವೋ? ನಾನು ಎರಡನೆಯ ಬಾರಿ ನೋಡುವಾಗ ಈ ಪ್ರಶ್ನೆ ಕಾಡಿತು. ಗಾಯಗೊಂಡವಳ ಕೈಗೆ ಕತ್ತಿ ಕೊಟ್ಟು ಅವಳ ಸ್ನೇಹ ಗಳಿಸುವುದು ಪಶ್ಚಾತ್ತಾಪಪಡುವವನ ಲಕ್ಷಣವಲ್ಲ. ಆದರೆ ಜುಕೊ ಅವಳಿಗೆ ಕೊಲ್ಲು ಎಂದು ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಜೊತೆಗೆ ಹೋಗುತ್ತಾನೆ, ಅಷ್ಟೆ. ಕಂತು ಇದನ್ನು ಬಿಡಿಸಿ ಹೇಳದೆ ಬಿಟ್ಟಿರುವುದು ಒಳ್ಳೆಯದೇ ಆಯಿತು.

ಹೊರಡುವ ಮುನ್ನ ಆಂಗ್ ತಡೆಯುತ್ತಾನೆ. ಸೇಡು ಎರಡು ತಲೆಯ ಹಾವಿನಂತೆ, ಶತ್ರುವನ್ನು ಕಚ್ಚುವಾಗಲೇ ನಮ್ಮನ್ನೂ ಕಚ್ಚುತ್ತದೆ ಎಂಬರ್ಥದ ಮಾತನ್ನಾಡುತ್ತಾನೆ. ಕ್ಷಮಿಸು ಎನ್ನುತ್ತಾನೆ. ಜುಕೊನಿಗೆ ಇದು ಎಳೆಯ ಮಕ್ಕಳ ಶಾಲೆಯ ಪಾಠದಂತೆ ಕೇಳಿಸುತ್ತದೆ. ಕ್ಷಮೆಯೆಂದರೆ ಏನೂ ಮಾಡದೆ ಸುಮ್ಮನಿರುವುದು ತಾನೇ ಎಂದು ಜುಕೊ ವಾದಿಸುತ್ತಾನೆ. ಸುಮ್ಮನಿರುವುದು ಸುಲಭ, ಕ್ಷಮಿಸುವುದು ಕಷ್ಟ ಎಂದು ಆಂಗ್ ಉತ್ತರಿಸುತ್ತಾನೆ. ಕಷ್ಟವಲ್ಲ, ಅಸಾಧ್ಯ ಎನ್ನುತ್ತಾಳೆ ಕಟಾರಾ. ಆಂಗ್ ಬಾಯಿಮಾತಿನ ಉಪದೇಶಕನಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಅವನ ಇಡೀ ಜನಾಂಗವನ್ನು ಅಗ್ನಿರಾಷ್ಟ್ರ ಸುಟ್ಟಿದೆ. ಮರಳುಗಾಡಿನಲ್ಲಿ ಅವನ ಅಪ್ಪನನ್ನು ಕಳ್ಳರು ಹಿಡಿದೊಯ್ದಾಗ ಅವನೂ ಸಿಟ್ಟಿನಿಂದ ಹುಚ್ಚನಂತಾಗಿದ್ದ. ಹೇಳುವ ಹಕ್ಕು ಅವನಿಗಿದೆ. ಆದರೂ ಆ ಮಾತು ಅವಳೊಳಗೆ ಇಳಿಯುವುದಿಲ್ಲ.

ಓದುಗರೇ, ಈ ದೃಶ್ಯದಲ್ಲಿ ನಾನು ನನ್ನನ್ನೇ ಕಂಡೆ. ಎಷ್ಟೋ ವರ್ಷಗಳ ಹಿಂದೆ ನಮ್ಮ ಊರಿನಲ್ಲಿ ಒಬ್ಬ ತಾಯಿಯ ಹರೆಯದ ಮಗ ಲಾರಿಗೆ ಸಿಕ್ಕಿ ತೀರಿಕೊಂಡ. ಚಾಲಕ ಕುಡಿದಿದ್ದ. ಏಳನೆಯ ದಿನದ ಪ್ರಾರ್ಥನೆ ಮುಗಿದು ಕಾಫಿ ಕುಡಿಯುತ್ತಿದ್ದಾಗ, ನಾನು ಆ ತಾಯಿಯ ಪಕ್ಕದಲ್ಲಿ ಕುಳಿತು, “ಅವನನ್ನು ಕ್ಷಮಿಸಿಬಿಡಮ್ಮ, ನಿನಗೇ ನೆಮ್ಮದಿ” ಎಂದೆ. ಆಕೆ ಲೋಟವನ್ನು ನೆಲದ ಮೇಲಿಟ್ಟು ಎದ್ದು ಒಳಗೆ ಹೋದರು. ಅಂದಿನಿಂದ ಗುಡಿಯಂಗಳದಲ್ಲಿ ಎದುರಾದಾಗಲೆಲ್ಲ ಆಕೆ ನಮಸ್ಕಾರ ಹೇಳುತ್ತಾರೆ, ಮಾತನಾಡುವುದಿಲ್ಲ. ನಾನು ಹೇಳಿದ್ದರಲ್ಲಿ ತಪ್ಪೇನಿತ್ತು ಎಂದು ಬಹುಕಾಲ ಯೋಚಿಸುತ್ತಿದ್ದೆ. ಏಳೇ ದಿನಗಳಲ್ಲಿ ಹೇಳಿದ್ದು ತಪ್ಪು. ಕಾಫಿ ಹೀರುತ್ತಾ ಹೇಳಿದ್ದು ಇನ್ನೂ ದೊಡ್ಡ ತಪ್ಪು.

ಕಂತಿನಲ್ಲಿ ಆಂಗ್ ಮಾತ್ರ ನನಗಿಂತ ಜಾಣ. ಕಟಾರಾ ರಾತ್ರಿ ಕದ್ದು ಹೊರಡುವಾಗ ಅವನು ಎದುರು ಬಂದರೂ ತಡೆಯುವುದಿಲ್ಲ. ಈ ಪ್ರಯಾಣ ನಿನಗೆ ಬೇಕು, ಆ ಮನುಷ್ಯನನ್ನು ನೀನು ಎದುರಿಸಲೇಬೇಕು ಎಂದು ಹೇಳಿ ತನ್ನ ಅಪ್ಪನನ್ನು ಕೊಟ್ಟು ಕಳಿಸುತ್ತಾನೆ. ಸೇಡನ್ನು ಆರಿಸಿಕೊಳ್ಳಬೇಡ ಎಂಬ ಬೇಡಿಕೆಯೊಂದು ಜೊತೆಗಿರುತ್ತದೆ. ಉಪದೇಶ ಸೋತ ಮೇಲೆ ವಿಶ್ವಾಸವಿಟ್ಟು ಬಿಟ್ಟುಕೊಡುವುದು ಎಷ್ಟು ಜನ ಹಿರಿಯರಿಗೆ ಬರುತ್ತದೆ?

ಮುಂದಿನ ಭಾಗ ಕತ್ತಲೆಯದು. ದಾಳಿಕಾರರ ಹಡಗನ್ನು ಹೊಕ್ಕ ಕಟಾರಾ ಅದರ ನಾಯಕನನ್ನು ರಕ್ತವಿದ್ಯೆಯಿಂದ ಮಣಿಸುತ್ತಾಳೆ. ಈ ವಿದ್ಯೆಯ ಹಿನ್ನೆಲೆ 2007ರ ‘ದಿ ಪಪೆಟ್‌ಮಾಸ್ಟರ್’ ಎಂಬ ಕಂತಿನಲ್ಲಿದೆ. ಹಾಮಾ ಎಂಬ ಮುದುಕಿ ಕಟಾರಾಳ ಪಂಗಡದವಳೇ. ಅಗ್ನಿರಾಷ್ಟ್ರದ ಸೆರೆಯಲ್ಲಿ ನರಳಿದವಳು. ಮನುಷ್ಯನ ಮೈಯೊಳಗಿನ ರಕ್ತವೂ ನೀರೇ ತಾನೇ, ಹುಣ್ಣಿಮೆಯಲ್ಲಿ ಅದನ್ನೂ ಆಡಿಸಬಹುದು ಎಂದು ಆಕೆ ಕಂಡುಕೊಂಡಳು. ತಪ್ಪಿಸಿಕೊಂಡ ಮೇಲೆ ನಿರಪರಾಧಿಗಳಾದ ಹಳ್ಳಿಗರನ್ನು ಗೊಂಬೆಗಳಂತೆ ನಡೆಸಿ ಗುಹೆಯಲ್ಲಿ ಕೂಡಿಹಾಕಿದಳು. ಗೆಳೆಯರನ್ನು ಉಳಿಸಲು ಆ ವಿದ್ಯೆಯನ್ನು ಒಮ್ಮೆ ಬಳಸಬೇಕಾದಾಗ ಕಟಾರಾ ಅತ್ತಿದ್ದಳು. ಈ ಕಂತಿನಲ್ಲಿ ಅವಳು ಅಳುವುದಿಲ್ಲ. ಮುಖದಲ್ಲಿ ಯಾವ ಭಾವವೂ ಇಲ್ಲ. ಜುಕೊ ಕೂಡ ಬೆಚ್ಚಿಬೀಳುತ್ತಾನೆ. ಹಾಮಾಳ ದಾರಿಯಲ್ಲಿ ಹುಡುಗಿ ಎಷ್ಟು ದೂರ ಬಂದುಬಿಟ್ಟಳು ಎಂದು ಒಂದು ಮಾತೂ ಇಲ್ಲದೆ ಚಿತ್ರ ತೋರಿಸುತ್ತದೆ.

ಆದರೆ ಆ ನಾಯಕ ಅವಳು ಹುಡುಕುತ್ತಿದ್ದವನಲ್ಲ! ಅವನಿಗಿಂತ ಮೊದಲು ಆ ಹುದ್ದೆಯಲ್ಲಿದ್ದ ಯಾನ್ ರಾ ಎಂಬವನು ನಿವೃತ್ತನಾಗಿ ನಾಲ್ಕು ವರ್ಷಗಳಾಗಿವೆ. ತಪ್ಪು ಮನುಷ್ಯನಿಗೆ ಯಾತನೆ ಕೊಟ್ಟೆನಲ್ಲ ಎಂಬ ಅಳುಕು ಕಟಾರಾಳಲ್ಲಿ ಕ್ಷಣವಾದರೂ ಮೂಡಬೇಕಿತ್ತು. ಕಥೆ ಅಲ್ಲಿ ನಿಲ್ಲದೆ ಓಡುತ್ತದೆ. ಇಡೀ ಕಂತಿನಲ್ಲಿ ನನಗೆ ಅತೃಪ್ತಿ ತಂದ ಎಡೆಗಳಲ್ಲಿ ಇದು ಮೊದಲನೆಯದು. ಎರಡನೆಯದು ಸಾಕಾನ ವಿಷಯ. ಸೇಡು ಬೇಡವೆಂದು ಆಂಗ್‌ನ ಪರ ವಹಿಸಿದಾಗ ಅವನಿಗೆ ತಂಗಿ, ನಾನು ಪ್ರೀತಿಸಿದಷ್ಟು ನೀನು ಅಮ್ಮನನ್ನು ಪ್ರೀತಿಸಲಿಲ್ಲ ಎಂಬ ಅರ್ಥದ ಮಾತನ್ನು ಎಸೆಯುತ್ತಾಳೆ. ಅದೇ ಭಾಗದ ಹಿಂದಿನ ಕಂತೊಂದರಲ್ಲಿ ಸಾಕಾ, ಅಮ್ಮನ ಮುಖ ನೆನಪಿಸಿಕೊಳ್ಳಲು ಹೋದರೆ ಕಟಾರಾಳ ಮುಖವೇ ಕಾಣುತ್ತದೆ ಎಂದು ಹೇಳಿಕೊಂಡಿದ್ದ. ಅಂಥವನಿಗೆ ಈ ಮಾತು! ಸಾವು ನಡೆದ ಮನೆಗಳಲ್ಲಿ ಒಡಹುಟ್ಟಿದವರ ನಡುವೆ ದುಃಖದ ತೂಕ ಹಾಕುವ ಈ ಜಗಳ ನಮಗೆ ಅಪರಿಚಿತವಲ್ಲ. ಆ ಮಾತಿನ ಗಾಯ ಮಾಯುವ ದೃಶ್ಯವೊಂದನ್ನು ಕಂತಿನ ಕೊನೆಯವರೆಗೂ ಕಾದೆ. ಬರಲಿಲ್ಲ.

ಯಾನ್ ರಾ ಈಗ ಒಂದು ಹಳ್ಳಿಯಲ್ಲಿ ತರಕಾರಿ ಬೆಳೆದುಕೊಂಡು, ಮಾತುಮಾತಿಗೂ ಮೂದಲಿಸುವ ವೃದ್ಧ ತಾಯಿಯೊಡನೆ ಬದುಕುವ ಮುದುಕ. ಚೀಲ ಹಿಡಿದು ಸಂತೆಯಿಂದ ಬರುವಾಗ ಯಾರೋ ಹಿಂಬಾಲಿಸುತ್ತಿರುವಂತೆ ಹೆದರಿ ಹಿಂದೆ ನೋಡುತ್ತಾನೆ. ಮಕ್ಕಳು ಇಲ್ಲಿ ರಾಕ್ಷಸನನ್ನು ನಿರೀಕ್ಷಿಸುತ್ತಾರೆ. ಸಿಗುವುದು ಮಳೆಯಲ್ಲಿ ತೊಯ್ದ ಪುಕ್ಕಲ. ಆ ತಾಯಿಯನ್ನು ನಗೆಪಾಟಲಿಗೆ ಗುರಿಮಾಡಿದ್ದು ನನಗೆ ಮೊದಲ ನೋಟದಲ್ಲಿ ರುಚಿಸಲಿಲ್ಲ. ಕೆಟ್ಟವನನ್ನು ಸಣ್ಣವನಾಗಿ ತೋರಿಸಲು ಬಾಯಿಬಡುಕಿ ಮುದುಕಿಯನ್ನು ಎಳೆತರುವುದು ಅಗ್ಗದ ಉಪಾಯ. ಅದು ಹಾಸ್ಯಕ್ಕಷ್ಟೇ ಬಂದದ್ದಲ್ಲ ಎಂದು ಆಮೇಲೆ ತಿಳಿಯಿತು.

ಆ ಹಳ್ಳಿಯ ದಾರಿಯಲ್ಲಿ ಕಟಾರಾ ಅವನನ್ನು ನಿಲ್ಲಿಸುತ್ತಾಳೆ. ಆ ದಿನ ಗುಡಿಸಲಿನಲ್ಲಿ ನಡೆದದ್ದು ಆಗ ಪೂರ್ತಿಯಾಗಿ ನಮಗೆ ಗೊತ್ತಾಗುತ್ತದೆ. ದಕ್ಷಿಣದಲ್ಲಿ ಜಲವಿದ್ಯೆ ಬಲ್ಲವರು ಇನ್ನೊಬ್ಬರು ಉಳಿದಿದ್ದಾರೆಂಬ ಸುದ್ದಿ ತಿಳಿದು ಅವನು ಬಂದಿದ್ದ. ಕಾಯಾ ಮಗಳನ್ನು ಹೊರಗೆ ಕಳಿಸಿ, ಅದು ನಾನೇ, ನನ್ನನ್ನು ಸೆರೆಹಿಡಿ ಎಂದಳು. ಸೆರೆಹಿಡಿಯುವ ಮನಸ್ಸು ಅವನಿಗಿರಲಿಲ್ಲ. ಅವನು ಹುಡುಕಿಕೊಂಡು ಬಂದದ್ದು ಆ ಪುಟ್ಟ ಹುಡುಗಿಯನ್ನು. ತಾಯಿ ಸುಳ್ಳು ಹೇಳಿ ಮಗಳ ಸಾವನ್ನು ತಾನು ತೆಗೆದುಕೊಂಡಳು. ಕಟಾರಾಳ ಕೋಪದ ತಳದಲ್ಲಿ ಏನಿತ್ತು ಎಂದು ನಮಗೆ ಹೊಳೆಯುವುದು ಇಲ್ಲೇ. ಅಮ್ಮ ಸತ್ತದ್ದು ನನಗಾಗಿ ಎಂಬ ಭಾರವನ್ನು ಆ ಮಗು ಇಷ್ಟು ವರ್ಷ ಒಬ್ಬಳೇ ಹೊತ್ತಿತ್ತು. ಕೊಂದವನ ಮೇಲಿನ ಕೋಪವಷ್ಟೇ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಆಗ ಕಟಾರಾ ಸುರಿಯುವ ಮಳೆಯನ್ನೇ ಗಾಳಿಯಲ್ಲಿ ನಿಲ್ಲಿಸುತ್ತಾಳೆ. ಹನಿಗಳು ಮಂಜಿನ ಮೊಳೆಗಳಾಗಿ ಅವನ ಮೇಲೆ ನುಗ್ಗುತ್ತವೆ, ಮೈಗೆ ತಾಗುವ ಮುನ್ನ ತಡೆದು ನಿಲ್ಲುತ್ತವೆ, ಮತ್ತೆ ನೀರಾಗಿ ನೆಲಕ್ಕೆ ಬೀಳುತ್ತವೆ. ಮುದುಕ ಮಂಡಿಯೂರಿ ಬೇಡಿಕೊಳ್ಳುತ್ತಾನೆ. ಏನೆಂದು? ನಿನ್ನ ತಾಯಿಯನ್ನು ನಾನು ಕೊಂದೆ, ಅದಕ್ಕೆ ಬದಲಾಗಿ ನನ್ನ ತಾಯಿಯನ್ನು ಕೊಲ್ಲು, ಲೆಕ್ಕ ಸರಿಹೋಗುತ್ತದೆ ಎಂದು!

ಮಗಳಿಗಾಗಿ ತನ್ನನ್ನು ಕೊಟ್ಟ ತಾಯಿ ಒಂದು ಕಡೆ, ತನಗಾಗಿ ತಾಯಿಯನ್ನು ಕೊಡಲು ಹೊರಟ ಮಗ ಇನ್ನೊಂದು ಕಡೆ. ಈ ಎರಡನ್ನು ಎದುರುಬದುರು ನಿಲ್ಲಿಸಲೆಂದೇ ಆ ಬಾಯಿಬಡುಕಿ ಮುದುಕಿ ಕಥೆಯೊಳಗೆ ಬಂದದ್ದು. ಇವನೊಳಗೆ ಏನೂ ಇಲ್ಲ, ಬರಿದು ಎಂದು ಕಟಾರಾ ಕಂಡುಕೊಳ್ಳುತ್ತಾಳೆ. ದ್ವೇಷ ಹಾಗೇ ಇದೆ, ಕೈ ಮಾತ್ರ ಏಳುವುದಿಲ್ಲ.

ಆದಿಕಾಂಡದ ಜೋಸೆಫನನ್ನು ಇಲ್ಲಿ ನೆನೆಯದಿರಲು ನನ್ನಿಂದಾಗಲಿಲ್ಲ. ತನ್ನನ್ನು ಮಾರಿದ ಅಣ್ಣಂದಿರು ಬರಗಾಲದಲ್ಲಿ ಧಾನ್ಯಕ್ಕೆಂದು ಈಜಿಪ್ಟಿಗೆ ಬಂದು ಅಡ್ಡಬಿದ್ದಾಗ, ಜೋಸೆಫ ಒಡನೆಯೇ ತಬ್ಬಿಕೊಳ್ಳಲಿಲ್ಲ. ಗೂಢಚಾರರೆಂದು ಗದರಿಸಿದ, ಒಬ್ಬನನ್ನು ಸೆರೆಯಲ್ಲಿಟ್ಟ, ಮರೆಯಲ್ಲಿ ಅತ್ತ, ಕೊನೆಗೆ ಕಿರಿಯನಾದ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾತ್ರೆಯನ್ನು ಇಡಿಸಿ ಪರೀಕ್ಷಿಸಿದ. ಜೋಸೆಫನನ್ನು ಮಾರೋಣವೆಂದು ಅಂದು ಸೂಚಿಸಿದ್ದ ಯೆಹೂದನೇ ಈಗ ಮುಂದೆ ಬಂದು, ತಮ್ಮನ ಬದಲು ನನ್ನನ್ನು ಗುಲಾಮನಾಗಿ ಇರಿಸಿಕೊಳ್ಳಿ ಎಂದ. ಜೋಸೆಫನ ಅಳು ಕಟ್ಟೆಯೊಡೆದದ್ದು ಆಗ. ತಮ್ಮನನ್ನು ಕೊಟ್ಟು ತಾನು ಉಳಿದವನು ತನ್ನನ್ನು ಕೊಟ್ಟು ತಮ್ಮನನ್ನು ಉಳಿಸಲು ಸಿದ್ಧನಾದ. ಯಾನ್ ರಾ ಇದರ ತಲೆಕೆಳಗಾದ ರೂಪ. ಯೆಹೂದನಂತೆ ಬದಲಾದವನು ಈ ಕಥೆಯಲ್ಲಿ ಬೇರೆ ಒಬ್ಬನಿದ್ದಾನೆ. ಅವನು ಗುಡಾರದ ಹೊರಗೆ ರಾತ್ರಿಯೆಲ್ಲ ಕಾದವನು.

ಕೊನೆಯ ದೃಶ್ಯ ನೀರಿನಂಚಿನ ಕಟ್ಟೆಯ ಮೇಲೆ. ಕಟಾರಾ ಕೊಲ್ಲಲಿಲ್ಲವೆಂದು ಕೇಳಿ ಆಂಗ್ ಸಂತೋಷಪಡುತ್ತಾನೆ, ಕ್ಷಮೆಯೇ ವಾಸಿಯಾಗುವುದರ ಮೊದಲ ಹೆಜ್ಜೆ ಎನ್ನುತ್ತಾನೆ. ಅವಳು ತಲೆಯಾಡಿಸಿ ಹೂಂ ಎನ್ನಬಹುದಿತ್ತು. ನೂರಕ್ಕೆ ತೊಂಬತ್ತು ಮಕ್ಕಳ ಚಿತ್ರಗಳು ಅಲ್ಲಿಗೆ ಮಂಗಳ ಹಾಡುತ್ತಿದ್ದವು. ಅವಳು ಹಾಗೆ ಮಾಡುವುದಿಲ್ಲ. ತಾನು ಕೊಲ್ಲದೆ ಬಿಟ್ಟದ್ದು ದೌರ್ಬಲ್ಯದಿಂದಲೋ ಬಲದಿಂದಲೋ ತಿಳಿಯದು ಎನ್ನುತ್ತಾಳೆ. ಅವನನ್ನು ಕ್ಷಮಿಸಿಲ್ಲ, ಎಂದಿಗೂ ಕ್ಷಮಿಸುವುದಿಲ್ಲ ಎನ್ನುತ್ತಾಳೆ. ಬಳಿಕ ಜುಕೊನ ಕಡೆ ತಿರುಗಿ, ನಿನ್ನನ್ನು ಕ್ಷಮಿಸಲು ಸಿದ್ಧಳಿದ್ದೇನೆ ಎಂದು ಅವನನ್ನು ಅಪ್ಪಿಕೊಳ್ಳುತ್ತಾಳೆ.

ಮೊಮ್ಮಗಳ ಪ್ರಶ್ನೆ ಹುಟ್ಟಿದ್ದು ಇಲ್ಲಿ. ನಾವು ಮನೆಗಳಲ್ಲಿ ಮೂರು ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಮಕ್ಕಳ ಕೈಗೆ ಕೊಡುತ್ತೇವೆ: ಸೇಡು ತೀರಿಸದಿರುವುದು, ಮನಸ್ಸಿನಿಂದ ಕ್ಷಮಿಸುವುದು, ಮತ್ತೆ ಕೈಹಿಡಿದು ಒಂದಾಗುವುದು. “ಸಾರಿ ಹೇಳು, ಶೇಕ್‌ಹ್ಯಾಂಡ್ ಮಾಡು” ಎಂದರೆ ಮೂರೂ ಮುಗಿಯಿತು ನಮಗೆ. ಈ ಕಂತು ಗಂಟನ್ನು ಬಿಚ್ಚಿದೆ. ಮೊದಲನೆಯದನ್ನು ಯಾನ್ ರಾನಂಥವನಿಗೂ ಕೊಡಬಹುದು, ಕಟಾರಾ ಕೊಟ್ಟಳು. ಮೂರನೆಯದು ಬದಲಾಗಿ ಬಂದವನಿಗೆ ಮಾತ್ರ; ಜುಕೊನಿಗೆ ಅದೂ ಸಿಕ್ಕಿತು. ನಡುವಿನದು ಯಾರೂ ಕೇಳಿ ಪಡೆಯುವಂಥದ್ದಲ್ಲ, ಮಾತಿನಿಂದ ಹೊರಡಿಸುವಂಥದ್ದೂ ಅಲ್ಲ.

ಆದರೆ ಪ್ರಭು ಕಲಿಸಿದ ಪ್ರಾರ್ಥನೆಯನ್ನು ದಿನವೂ ಹೇಳುವ ನಮಗೆ ಇದು ಸಾಕೇ? ಶಿಲುಬೆಯ ಮೇಲಿಂದ ಯೇಸುಸ್ವಾಮಿ ಪ್ರಾರ್ಥಿಸಿದ್ದು ಪಶ್ಚಾತ್ತಾಪಪಟ್ಟವರಿಗಾಗಿ ಮಾತ್ರವಲ್ಲ. ಕೆಳಗೆ ಚೀಟಿ ಹಾಕಿ ಬಟ್ಟೆ ಹಂಚಿಕೊಳ್ಳುತ್ತಿದ್ದವರಿಗಾಗಿಯೂ. ಕಲ್ಲೆಸೆತದ ನಡುವೆ ಸ್ತೆಫನನೂ ಹಾಗೆಯೇ ಬೇಡಿದ. ಕಟಾರಾ ಅಲ್ಲಿಗೆ ತಲುಪುವುದಿಲ್ಲ, ತಲುಪಿದಂತೆ ನಟಿಸುವುದೂ ಇಲ್ಲ. ಈ ಪ್ರಾಮಾಣಿಕತೆಗಾಗಿಯೇ ನಾನು ಕಂತನ್ನು ಮೆಚ್ಚಿದೆ. ‘ಎಂದಿಗೂ’ ಎಂಬ ಅವಳ ಮಾತು 14 ವರ್ಷದವಳ ಮಾತು. ಅದರ ಮೇಲೆ ಕಾಲ ಏನು ಬರೆಯುತ್ತದೋ ಅದು ಕಥೆಯ ಹೊರಗಿನದು. ಮೊಮ್ಮಗಳಿಗೆ ನಾನು, “ಇನ್ನೂ ಇಲ್ಲ ಮಗಾ” ಎಂದೆ. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ, ಎಂದಿಗೂ ಇಲ್ಲ ಅಂತ ಅವಳೇ ಹೇಳಿದಳಲ್ಲ ತಾತ ಎಂದು ವಾದಕ್ಕಿಳಿದಳು.

ಅಪ್ಪುಗೆಯೊಂದಿಗೆ ಕಂತು ಮುಗಿಯುವುದಿಲ್ಲ. ಹಿಂಸೆ ಉತ್ತರವಲ್ಲ ಎಂದು ನೀನು ಹೇಳಿದ್ದು ಸರಿ ಎಂದು ಒಪ್ಪಿದ ಜುಕೊ ಆಂಗ್‌ನನ್ನು ಒಂದು ಮಾತು ಕೇಳುತ್ತಾನೆ: ಹಾಗಾದರೆ ನನ್ನ ತಂದೆಯ ಎದುರು ನಿಂತಾಗ ನೀನು ಏನು ಮಾಡುತ್ತೀ? ಲೋಕವನ್ನೇ ಸುಡಲು ಹೊರಟ ಅಗ್ನಿರಾಜನವನು. ಕ್ಷಮೆಯ ಪಾಠ ಹೇಳಿದ ಹುಡುಗನ ಬಳಿ ಉತ್ತರವಿಲ್ಲ. ಉಪದೇಶಿಸಿದವನ ಬಾಗಿಲಿಗೇ ಪ್ರಶ್ನೆಯನ್ನು ತಂದು ನಿಲ್ಲಿಸುವ ಈ ಮುಕ್ತಾಯ ಬಹಳ ಚೆನ್ನಾಗಿದೆ. ಉತ್ತರ ಬರುವುದು 2008ರ ಜುಲೈ 19ರಂದು ಪ್ರಸಾರವಾದ ನಾಲ್ಕು ಭಾಗಗಳ ಮುಕ್ತಾಯದಲ್ಲಿ. ನೋಡದವರಿಗಾಗಿ ಅದನ್ನು ಇಲ್ಲಿ ಹೇಳುವುದಿಲ್ಲ.

ಮನೆಯಲ್ಲಿ ಈ ಕಂತನ್ನು ತೋರಿಸುವವರಿಗೆ ಒಂದು ಮಾತು. ತೀರಾ ಎಳೆಯ ಮಕ್ಕಳಿಗೆ ಹಡಗಿನ ದೃಶ್ಯವೂ ಗುಡಿಸಲಿನ ದೃಶ್ಯವೂ ಭಯ ತರಬಹುದು. ಎಂಟು ಹತ್ತು ವರ್ಷ ದಾಟಿದವರು ನೋಡಲಿ. ಅದಕ್ಕೂ ಮೊದಲು ಎರಡನೆಯ ಭಾಗದ ಕೊನೆಯ ಕಂತನ್ನೂ ಹಾಮಾಳ ಕಂತನ್ನೂ ನೋಡಿರಬೇಕು, ಇಲ್ಲವಾದರೆ ಕಟಾರಾಳ ಮುಖ ಏಕೆ ಹಾಗಿದೆ ಎಂದು ಅರ್ಥವಾಗದು. ಪಕ್ಕದಲ್ಲಿ ನೀವೂ ಕುಳಿತಿರಿ, ಪತ್ರಿಕೆಯನ್ನು ಬದಿಗಿಟ್ಟು.